ಏಳನೇ ಕಾಲಂ

ಸಕ್ರೆಬೈಲಿನ ಆನೆ ಬಿಡಾರ. ಬೆಳಿಗ್ಗೆ.
ಹಿನ್ನೀರು ಇನ್ನೂ ಹೊಗೆಯಾಡುತ್ತಿತ್ತು.
ನಾನು ಇಲಾಖೆಯ ಗುಮಾಸ್ತ, ಮೊಣಕಾಲ ಮೇಲೆ ಫಾರ್ಮು.
ಏಳನೇ ಕಾಲಂ: ಅನ್ವಯಿಸದ್ದನ್ನು ಹೊಡೆದುಹಾಕಿ.

ಕ್ಯಾಪ್ಚರ್. ರಿಸ್ಟ್ರೇನ್. ಕನ್‌ಫೈನ್. ಸಬ್‌ಡ್ಯೂ.
ಒಂದೊಂದೂ ಎಣ್ಣೆ ಬಿಟ್ಟ ಬೀಗ,
ಸದ್ದಿಲ್ಲದೆ ಕೂಡಿಕೊಳ್ಳುತ್ತದೆ.
"ಕನ್ನಡದಲ್ಲಿ ಹೇಳಿ ಸ್ವಾಮಿ" ಅಂದ ದಸ್ತಗೀರ್ ಸಾಬ್,
ಹುಲ್ಲಿನೊಳಗೆ ಭತ್ತ, ಬೆಲ್ಲ ಸುತ್ತುತ್ತ.

"ಹಿಡಿದದ್ದು" ಅಂದೆ.
"ಎಲ್ಲದಕ್ಕೂ ಅದೇನಾ?"
ಅದೇ. ಒಂದು ಗಳಿಗೆ ನಾಚಿಕೆಯಾಯಿತು.
ಜ್ವರ ಹಿಡಿಯುತ್ತದೆ, ಕತ್ತಿಗೆ ತುಕ್ಕು,
ಮನಸ್ಸಿಗೆ ಹಿಡಿಸಿತು ಅಂತಲೇ ಮದುವೆಯಾಗುತ್ತೇವೆ,
ಹಿಡಿ ಅಂದರೆ ಒಂದು ಮುಷ್ಟಿ ಅನ್ನ,
ಹಿಡಿ ಅಂದರೆ, ಹಳೇ ನಿಘಂಟಿನಲ್ಲಿ, ಹೆಣ್ಣಾನೆ.

ಅದು ಕೇಳಿ ಅವನು ತಿರುಗಿ ನೋಡಿದ್ದು
ನನ್ನನ್ನಲ್ಲ, ಇನ್ನೂ ಹೆಸರಿಡದ ಅವಳನ್ನು.
ಆರು ತಿಂಗಳ ಹಿಂದೆ ಶೆಟ್ಟಿಹಳ್ಳಿ ಕಾಡಿನಲ್ಲಿ
ಮದ್ದಿನ ಸೂಜಿ ತಾಗಿ ಕುಸಿದವಳು.
ಹಿಂಗಾಲಲ್ಲಿ ಸರಪಳಿ ಉಜ್ಜಿದ ಕಡೆ
ಬೇವಿನೆಣ್ಣೆ, ಅರಿಶಿನ.

"ಅರೆಸ್ಟಿಗೆ ಪೊಲೀಸರು ದಸ್ತಗಿರಿ ಅಂತಾರಲ್ಲ,
ಅದು ನನ್ನ ಹೆಸರೇ ಸ್ವಾಮಿ.
ಕೈ ಹಿಡಿಯೋನು ಅಂತ ಅರ್ಥ, ಅಬ್ಬಾ ಹೇಳ್ತಿದ್ರು."
ನಾನು ನಕ್ಕೆ. ಅವನು ನಗಲಿಲ್ಲ.

ಕುಸುರೆ ಚಾಚಿದ.
ಅವಳ ಸೊಂಡಿಲು ಉಂಡೆಯನ್ನು ದಾಟಿ
ಅವನ ಮಣಿಕಟ್ಟನ್ನು ಸುತ್ತಿ ಹಿಡಿಯಿತು,
ಎಷ್ಟು ಹೊತ್ತೋ.
ಬಿಡಿಸಿಕೊಳ್ಳಲಿಲ್ಲ ಅವನು.
ಬಿಡಿಸಿಕೊಳ್ಳಲು ಆಗುತ್ತಲೂ ಇರಲಿಲ್ಲ.

ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಕೂತಿದ್ದೆ.
ಏಳನೇ ಕಾಲಂ ನಾಳೆಗಿರಲಿ.
ಎಂಟನೆಯದು: ಎತ್ತರ, ಅಡಿಗಳಲ್ಲಿ.