ಎಡ ಮಂಡಿ

ಅಪ್ಪ ಇಟ್ಟ ಹೆಸರು ಸಾಲ್ವದೋರ್.
ರಕ್ಷಕ ಅಂತ ಅರ್ಥವಂತೆ.
ಲೈನಿನ ಹೆಂಗಸರ ಬಾಯಲ್ಲಿ ಅದು ನಿಲ್ಲಲಿಲ್ಲ,
ಮೊದಲ ವಾರಕ್ಕೇ ನಾನು ಸಾಲದೋರು.
‘ಸಾಲದೋರು ಬಂದ್ರು, ಮೂಟೆ ಕಟ್ರೇ.’

ಇಪ್ಪತ್ತಾರು ಕುಯ್ಲು, ತೋಟದ ರೈಟರು.
ಸಂಜೆ ಐದಕ್ಕೆ ಸಿಲ್ವರ್ ಮರದ ಕೊಂಬೆಗೆ
ತಕ್ಕಡಿ ಕಟ್ಟಿ, ಕೊಕ್ಕೆಗೆ ಮೂಟೆ ಸಿಕ್ಕಿಸಿ,
ಮುಳ್ಳು ಓದುವ ನೆವದಲ್ಲಿ ಹತ್ತಿರ ಸರಿದು
ಅಡಿಯಿಂದ ಎಡ ಮಂಡಿ ಕೊಡುತ್ತಿದ್ದೆ.
ಒಂದಿಷ್ಟೇ.
ಎತ್ತಿದ ಹಾಗೆ ಕಾಣಬಾರದು, ತಾಗಿದ ಹಾಗೆ ಕಾಣಬೇಕು.
ಮೂಟೆಗೆ ಎರಡು ಕೇಜಿ.
ಧಣಿಗಳು ಹೇಳಿರಲಿಲ್ಲ. ಬೇಡ ಅಂತಲೂ ಹೇಳಿರಲಿಲ್ಲ.
ಕ್ರಿಸ್ಮಸ್ಸಿಗೆ ಒಂದು ಕವರು ಬರುತ್ತಿತ್ತು.

ಅದೇ ಮಂಡಿ ಭಾನುವಾರ ಇಗರ್ಜಿಯಲ್ಲಿ ಊರುತ್ತಿದ್ದೆ.
ಪಾಪನಿವೇದನೆಯ ಜಾಲರಿಗೆ ಬಾಯಿಟ್ಟು
ಸಿಟ್ಟು ಬಂತು ಫಾದರ್, ಕುಡಿದೆ ಫಾದರ್,
ತಪಸ್ಸುಕಾಲದ ಶುಕ್ರವಾರ ಕೋಳಿ ತಿಂದೆ ಫಾದರ್.
ಚಿಲ್ಲರೆಯನ್ನೆಲ್ಲ ಎಣಿಸಿ ಕೊಟ್ಟು
ನೋಟಿನ ಕಟ್ಟು ಜೇಬಿನಲ್ಲೇ ಉಳಿಸಿಕೊಂಡು ಬರುತ್ತಿದ್ದೆ.

ಈ ವರ್ಷ ಶುಭಶುಕ್ರವಾರ, ಆಲ್ದೂರು.
ಗಂಟೆಯ ಬದಲು ಮರದ ಹಲಗೆ ಬಡಿಯುವ ಸದ್ದು.
ಹೊರಗೆ ಕಾಫಿ ಹೂವೆಲ್ಲ ಕಂದಿ
ಗಿಡಕ್ಕೇ ತುಕ್ಕು ಹಿಡಿದಂತಿತ್ತು.
ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ನಿಂತೆ.
ಎಪ್ಪತ್ತೊಂದರ ಮಂಡಿ ಈಗ ಮಡಚುವುದಿಲ್ಲ,
ಹಾಗಾಗಿ ತಲೆ ಎತ್ತಿ ನೋಡಬೇಕಾಯಿತು.

ಎಷ್ಟು ವರ್ಷ ನೋಡಿದ್ದೇನೆ, ನೋಡಿರಲಿಲ್ಲ:
ಅಡ್ಡಮರ, ಎರಡು ಕೊನೆ, ನಡುವೆ ಜೋತುಬಿದ್ದ ಭಾರ.
ತೂಗಿದ್ದಾರೆ.
ತೂಗುವುದೆಂದರೆ ಎರಡೂ ಹೌದಲ್ಲ,
ನೇತುಹಾಕುವುದು, ತೂಕ ನೋಡುವುದು.
ಅವನ ಅಡಿಗೆ ಯಾರೂ ಮಂಡಿ ಕೊಟ್ಟಿಲ್ಲ.
ಪೂರ್ತಿ ತೂಕ.
ನನ್ನ ಇಪ್ಪತ್ತಾರು ಕುಯ್ಲಿನ ಎರಡೆರಡು ಕೇಜಿ
ಆ ಎರಡು ಮೊಳೆಗಳಲ್ಲಿ ಜಗ್ಗುತ್ತಿತ್ತು.

ಮುತ್ತಿಡಲಿಲ್ಲ. ಸಾಲು ಬಿಟ್ಟು ಮೂಲೆಗೆ ಹೋಗಿ ಕಾದೆ,
ಎಲ್ಲ ಮುಗಿದ ಮೇಲೆ ಫಾದರಿಗೆ ಹೇಳಿದೆ, ಕಟ್ಟು ಸಮೇತ.
ಚಿಕ್ಕ ವಯಸ್ಸಿನವರು, ಕುತ್ತಿಗೆ ಬೆವರಿತ್ತು.
‘ಅದು ತೀರಿದೆ’ ಅಂದರು, ‘ಅವನು ತೀರಿಸಿದ್ದಾನೆ.’
ಆಮೇಲೆ, ತುಸು ತಡೆದು:
‘ಅವರ ಮನೆಗಳು ಗೊತ್ತೇ ನಿಮಗೆ?’

ಶನಿವಾರ, ಕಾಲನಿಯ ಕೊನೆ, ನೀರಿನ ಟ್ಯಾಂಕಿನ ಹಿಂದೆ.
ದ್ಯಾವಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.
ಹಳೆಯ ಚೆಕ್‌ರೋಲ್ ನೋಡಿ ಲೆಕ್ಕ ಹಾಕಿದ್ದೆ,
ಲಕೋಟೆ ಕೊಟ್ಟೆ. ಮಂಡಿಯ ವಿಷಯ ಹೇಳಿದೆ.
ಫಾದರ್ ಅಂದದ್ದನ್ನೂ ಹೇಳಿದೆ, ಯಾಕೋ.
‘ಗೊತ್ತಿತ್ತು’ ಅಂದಳು. ಬೀಜ ತೆಗೆಯುವುದು ನಿಲ್ಲಿಸಲಿಲ್ಲ.
‘ನಿಮ್ಮ ದ್ಯಾವ್ರು ತೀರಿಸವ್ನೆ ಅಂತೀರಿ,
ಮತ್ತಿದ್ಯಾಕೆ ತಂದ್ರಿ?’

ಧರ್ಮೋಪದೇಶದ ಪುಸ್ತಕದಲ್ಲಿ ಉತ್ತರ ಇದ್ದಿರಬೇಕು.
ನನಗೆ ಹೊಳೆದದ್ದು ಇಷ್ಟು:
‘ತೀರಿದ್ದಕ್ಕೇ ಬಂದೆ ದ್ಯಾವಮ್ಮ.
ತೀರದೇ ಇದ್ದಿದ್ದರೆ
ಈ ಮೆಟ್ಟಿಲು ಹತ್ತೋ ಧೈರ್ಯ ನನಗೆಲ್ಲಿತ್ತು?’

ನಾಲಿಗೆಗೆ ಬೆರಳು ತಾಗಿಸಿ ಎಣಿಸಿದಳು.
ಒಮ್ಮೆ. ಇನ್ನೊಮ್ಮೆ.
‘ಸಾಲದು, ಸಾಲದೋರೇ.
ನನ್ನ ಮಗಳೂ ಆರು ವರ್ಷ ಕುಯ್ದವ್ಳೆ.’

ನಕ್ಕಳೋ ಏನೋ. ಹುಳಿಗೆ ಅವಳ ಕಣ್ಣು ಕಿರಿದಾಗಿದ್ದವು.
ಚೀಟಿ ತೆಗೆದು ಮಗಳ ಹೆಸರು ಬರೆದುಕೊಂಡೆ.

ಇಳಿಜಾರಿನಲ್ಲಿ ಎಡಗಾಲು ಎಳೆಯುತ್ತಿತ್ತು.
ಜೇಬಿನಲ್ಲಿ ಇನ್ನೂ ಮೂವತ್ತೆಂಟು ಮನೆ.
ಭಾರ ಇರಲಿಲ್ಲ ಅಂತಲ್ಲ,
ಇತ್ತು.
ಎಷ್ಟಿತ್ತೋ ಅಷ್ಟೇ ಇತ್ತು.