ಗಾಳಿ ಕಮ್ಮಿ

ಅಂಗಡಿಯ ಶಟರಿಗೆ ಚೀಟಿ ಅಂಟಿಸಿ ಬಂದೆ:
‘ಹತ್ತು ಗಂಟೆಯವರೆಗೆ ಪಂಕ್ಚರ್ ಇಲ್ಲ.’
ರಾಯಪ್ಪನ ಜೀಪಿನ ಹಿಂದೆ
ಮೂರು ಟ್ಯೂಬು, ಕಾಲುಪಂಪು, ಒಂದು ಕಾಫಿ ಮೂಟೆ.
ಮುಂದೆ ನಾವಿಬ್ಬರು, ಜನವರಿಯ ಚಳಿ.

ಕೊಡಗೆಂದರೆ ಹಾಕಿ ಅನ್ನುವವರು
ಸುಂಟಿಕೊಪ್ಪದಲ್ಲಿ ಬಸ್ಸಿಳಿದವರಲ್ಲ.
ಇಲ್ಲಿ ಲೈನ್‌ಮನೆಯ ಕೂಸು ಕೂಡ
ನಡೆಯುವ ಮೊದಲು ಒದೆಯುತ್ತದೆ.
ನಾನೂ ಒದ್ದವನೇ. ಎಡಗಾಲು. ಲೆಫ್ಟ್ ಔಟ್.
ಮೊಯ್ದು ಓಡಿದರೆ ಗೆರೆಯೇ ಅಳಿಸಿಹೋಗುತ್ತದೆ ಅಂತ
ಸುಣ್ಣ ಹಾಕುವವನು ಬೈಯುತ್ತಿದ್ದ.
ಅದೆಲ್ಲ ಈಗ ಮಂಡಿಯಲ್ಲಿ ಉಳಿದಿದೆ,
ಚಳಿಗೆ ಮಾತಾಡುತ್ತದೆ.

ಟೀಮು ಬಂದಿದೆ, ಟೀವಿಯ ಟೀಮು,
ಎಸ್ಟೇಟ್ ಸ್ಕೂಲಿನ ಮೈದಾನಕ್ಕೆ, ಒಂಬತ್ತು ದಿನದ ಕ್ಯಾಂಪು.
ಗೇಟಿನ ವಾಚ್‌ಮನ್ ಒಳಗೆ ಬಿಡಲಿಲ್ಲ,
ತಂತಿಬೇಲಿ ತೋರಿಸಿದ: ‘ಅಲ್ಲಿ ನಿಂತು ನೋಡಿ. ಕೂಗಬೇಡಿ.’
ಕೂಗಬೇಡಿ!
ಹನ್ನೆರಡು ವರ್ಷ ಟೀವಿಯ ಮುಂದೆ ಕೂಗಿದ ಗಂಟಲು
ಮಫ್ಲರಿನೊಳಗೆ ಕೈಕಟ್ಟಿ ನಿಂತಿತು.

ಏನು ನೋಡಿದೆವು? ಹೇಳಿದರೆ ನಗುತ್ತೀರಿ.
ಗೋಲಿಲ್ಲ. ಮುಕ್ಕಾಲು ಗಂಟೆ ಒಂದು ಗೋಲೂ ಇಲ್ಲ.
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೊಪ್ಪಿಗಳ ನಡುವೆ
ಕೊಡು, ತಗೋ, ತಿರುಗು, ಕೊಡು.
ಒಂಬತ್ತನೇ ನಂಬರು, ನಮ್ಮ ಒಂಬತ್ತನೇ ನಂಬರು,
ಅಂಗಡಿಯ ಗೋಡೆಯಲ್ಲಿ ಎರಡೂ ಕೈ ಎತ್ತಿ ನಿಂತವನು,
ಬಾಯಿಗೆ ನೀರು ಹಾಕಿ ಉಗುಳಿ
ಕಾಲುಚೀಲ ಸರಿಮಾಡಿಕೊಂಡ.
‘ಇಷ್ಟೇನಾ?’ ಅಂದ ರಾಯಪ್ಪ.
ಕಣದಲ್ಲಿ ಕಾಫಿ ಹರಡುವವಳೂ ಹೀಗೇ ಅಲ್ಲವಾ ಮಾರಾಯ,
ಬೆಳಗಿಂದ ಗೀರಿದ್ದನ್ನೇ ಗೀರುತ್ತಾಳೆ, ಅಂದೆ.
ಅಂದಮೇಲೆ ನನಗೇ ಸ್ವಲ್ಪ ಬೇಜಾರಾಯಿತು.

ಆ ಮೂಲೆಯಲ್ಲಿ ಮೂರನೇ ಗೋಲಿ.
ಮೂವತ್ತೊಂದು. ಮಿಜೋರಾಮಿನ ಹುಡುಗ,
ಉದ್ದ ಹೆಸರು, ಒಂದೇ ಉಸಿರಿಗೆ ಸಿಗದು.
ಈ ಸೀಸನ್ನಿನಲ್ಲಿ ಒಂದು ನಿಮಿಷವೂ ಆಡಿಲ್ಲ,
ಲೆಕ್ಕ ನನ್ನ ಹತ್ತಿರ ಇದೆ.
ಮುದುಕ ಕೋಚು ಒದೆಯುತ್ತಾನೆ, ಇವನು ಬೀಳುತ್ತಾನೆ,
ಏಳುತ್ತಾನೆ, ಮೊಣಕೈಯಿಂದ ಇಬ್ಬನಿ ಇಳಿಯುತ್ತದೆ,
ಬೀಳುತ್ತಾನೆ. ಎಡಕ್ಕೆ. ಮತ್ತೆ ಎಡಕ್ಕೆ.
ಎಣಿಸುತ್ತಿದ್ದೆ, ಅರವತ್ತರ ಮೇಲೆ ತಪ್ಪಿತು.
ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಆಮೇಲೆ ಒಂದು ಚೆಂಡು
ಅವನ ಬೆರಳು ಸವರಿ, ಬೇಲಿ ಹಾರಿ,
ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಬಡಿದು
ತರಗೆಲೆಯಲ್ಲಿ ಉರುಳಿ ನನ್ನ ಕಾಲ ಬಳಿ ನಿಂತಿತು.
ರಾಯಪ್ಪ ‘ಸೆಲ್ಫಿ, ಸೆಲ್ಫಿ’ ಅಂತ ಜೇಬು ತಡಕುತ್ತಿದ್ದ.
ನಾನು ಎತ್ತಿದೆ.
ಎರಡೂ ಹೆಬ್ಬೆರಳು ತಾವಾಗಿ ಒತ್ತಿದವು,
ಇಪ್ಪತ್ತಾರು ವರ್ಷದ ಅಭ್ಯಾಸ.

ಬೇಲಿಯಾಚೆ ಹುಡುಗ, ಗ್ಲೌಸಿನ ಕೈ ಚಾಚಿ.
ಎಷ್ಟೆಲ್ಲ ಹೇಳಬೇಕೆಂದಿದ್ದೆ!
ನಿನ್ನೂರಿನ ಹೆಸರು ಗೊತ್ತು ಮಗ,
ಬೆಂಚಿನಲ್ಲಿ ನೀನು ಉಗುರು ಕಚ್ಚುವುದು ನೋಡಿದ್ದೇನೆ.
ಬಾಯಿಂದ ಬಂದದ್ದು:
‘ಗಾಳಿ ಕಮ್ಮಿ.’

ಅವನಿಗೆ ಕನ್ನಡ ಬಾರದು, ನನಗೆ ಅವನದು.
‘ಹವಾ,’ ಅಂದೆ, ‘ಹವಾ ಕಮ್.’
ಒತ್ತಿ ತೋರಿಸಿದೆ.
ಗ್ಲೌಸನ್ನು ಹಲ್ಲಲ್ಲಿ ಎಳೆದು ತೆಗೆದು ಅವನೂ ಒತ್ತಿದ.
ಹುಬ್ಬು ಏರಿತು.
ಕಿಟ್ಟಿನವನು ಬಂದ, ಮೀಟರು ಚುಚ್ಚಿದ,
ನನ್ನ ಮುಖ ನೋಡಿದ,
ಹೋಗಿ ಚೆಂಡುಗಳ ಬಲೆಯನ್ನೇ ಎಳೆದು ತಂದ.
ರಾತ್ರಿಯೆಲ್ಲ ಶೆಡ್ಡಿನಲ್ಲಿ ಬಿಟ್ಟಿದ್ದರಂತೆ.
ಚಳಿಗೆ ಗಾಳಿ ಮುದುಡುತ್ತದೆ ಸಾರ್,
ಮನುಷ್ಯನ ಹಾಗೇ.

ಪಿನ್ನು ಅವರದು, ಪಂಪು ನನ್ನದು.
ಹದಿನಾಲ್ಕು ಚೆಂಡು. ಬೇಲಿಯ ಈಚೆ ನಿಂತು
ಎಡಗಾಲಲ್ಲಿ ತುಳಿದೆ.
ಮಂಡಿ ಏನೋ ಅಂದಿತು, ಕೇಳಿಸಿಕೊಳ್ಳಲಿಲ್ಲ.
ಒಂಬತ್ತನೇ ನಂಬರು ಇತ್ತ ತಿರುಗಲಿಲ್ಲ.
ಮೂವತ್ತೊಂದು ಒಂದೊಂದೇ ಚೆಂಡು ಎತ್ತಿ, ಒತ್ತಿ,
ತಲೆಯಾಡಿಸಿ ಒಳಗೆ ಉರುಳಿಸಿದ.
ಫೋಟೊದಲ್ಲಿ ಬಂದದ್ದು
ರಾಯಪ್ಪನ ಬೆರಳು, ಅರ್ಧ ಪಂಪು, ಬಹಳ ಮಂಜು.

ಹತ್ತೂಮುಕ್ಕಾಲಿಗೆ ಶಟರಿನ ಮುಂದೆ ಒಂದು ಸ್ಕೂಟರು,
ಹಿಂದಿನ ಚಕ್ರ ನೆಲಕಚ್ಚಿ.
ನರ್ಸಮ್ಮ ಗಡಿಯಾರ ನೋಡಿದರು, ನನ್ನನ್ನು ನೋಡಿದರು.
ಎಲ್ಲಿ ಹಾಳಾಗಿ ಹೋಗಿದ್ದೆ ಮೊಯ್ದು?

ಪ್ರಾಕ್ಟೀಸಿಗೆ, ಅಂದೆ.