ಮಡ್ಡಿ

ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ
ಕಂದು ಉಂಗುರ ತೋರಿಸಿದ ಕೈ ಇದು.
ನಳಿಗೆಯ ಗೋಡೆಗುಂಟ ಆಸಿಡ್ಡು ಇಳಿಸಿ
"ಅಲುಗಿಸಬೇಡ್ರೋ, ಕಾಯಿರಿ" ಅಂದದ್ದೇ ಅಂದದ್ದು.
ಈಗ ಗುತ್ತಲು ರಸ್ತೆಯ ಮನೆಯ ನಡುಕೋಣೆಯಲ್ಲಿ
ಇನ್ನೂರೈವತ್ತು ಲೀಟರ್ ಸಮುದ್ರ,
ಅದರೊಳಗೆ ನನಗೇ ತಿಳಿಯದಂತೆ ಬೆಳೆದ ನೈಟ್ರೇಟು.
ಕಿಟ್ಟಿನ ನೀರು ದಾಸವಾಳದ ಕೆಂಪಿಗೆ ತಿರುಗಿತು:
ನಲವತ್ತು.

ಹವಳ ಏನೂ ಹೇಳುವುದಿಲ್ಲ.
ಕೈ ಒಳಗೆಳೆದುಕೊಂಡು ಕೂರುತ್ತದೆ,
ಉತ್ತರ ಗೊತ್ತಿಲ್ಲದ ಹುಡುಗ
ಕೊನೇ ಬೆಂಚಿನಲ್ಲಿ ಕೂತ ಹಾಗೆ.

ನೀರನ್ನು ದೂರಲಾರೆ. ನಾಲೆ ಬಯಲಿನ ಬೋರ್‌ವೆಲ್ಲಿಗೆ
ಕಬ್ಬಿಗೆ ಚೆಲ್ಲಿದ ಯೂರಿಯ ಇಳಿದೀತೆಂದು ಬಲ್ಲೆ;
ಅದಕ್ಕೇ ಆರ್‌ಓದಲ್ಲಿ ಸೋಸಿ, ಇದ್ದ ಉಪ್ಪೆಲ್ಲ ಕಳೆದು,
ಮತ್ತೆ ದುಡ್ಡು ಕೊಟ್ಟು ತಂದ ಉಪ್ಪು ಬೆರೆಸುತ್ತೇನೆ.
ತಪ್ಪು ನನ್ನದೇ.
ಕೋಡಂಗಿ ಮೀನು ಬಾಯಿ ತೆರೆದಾಗಲೆಲ್ಲ
ಚಿಟಿಕೆ ಚಿಟಿಕೆ ಉದುರಿಸಿದ ಅಕ್ಕರೆ
ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿತ್ತು.

ಮೈಸೂರಿನ ಅಂಗಡಿಯಲ್ಲಿ ಸಮೀಉಲ್ಲಾ
ಮೂರು ಸ್ಕಿಮ್ಮರ್ ಸಾಲಾಗಿಟ್ಟ.
ತೊಟ್ಟಿಯ ಅಂಚಿಗೆ ನೇತುಹಾಕುವುದೊಂದು,
ಆಲಿಕೆಯಾಕಾರದ್ದೊಂದು, ಬೆಲೆ ಕೇಳಿ ಕೆಳಗಿಟ್ಟೆ,
ತೊಟ್ಟಿಯಡಿಯ ಸಂಪಿನಲ್ಲಿ ನಿಲ್ಲುವ ಗಿಡ್ಡನೆಯದು ಮತ್ತೊಂದು.
"ಡಬ್ಬಿ ಮೇಲಿನ ಲೀಟರು, ಮೇಡಂ,
ಹೆಣ್ಣು ನೋಡೋಕೆ ಬಂದವರು ಹೇಳೋ ಸಂಬಳ.
ಅರ್ಧ ಹಿಡೀರಿ."
ಐನೂರು ಎಂದು ಬರೆದಿದ್ದ ಗಿಡ್ಡನೆಯದನ್ನು
ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.
ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ
ಪಕ್ಕದವಳು ಮಿಕ್ಸೀನಾ ಎಂದಳು. ಹೂಂ ಎಂದೆ.

ಐದು ದಿನ ಅದು ಬರೀ ಗುಳ್ಳೆ ಬಿಟ್ಟಿತು.
ಆರನೆಯ ದಿನ ಎದುರುಮನೆಯ ಮರಿಚೆನ್ನಯ್ಯ ಬಂದರು,
ಕೊಪ್ಪದ ಕಡೆಯ ಆಲೆಮನೆಗಳಲ್ಲಿ ಪಾಕ ನೋಡಿ ನೋಡಿ
ಹಬೆಗೆ ರೆಪ್ಪೆ ಉದುರಿಸಿಕೊಂಡವರು.
ಮಂಡಿಯೂರಿ ಬಗ್ಗಿದರು.
"ಇದು ನಮ್ ಕೊಪ್ರಿಗೆ ಕೆಲ್ಸಾನೇ ಕಣವ್ವ.
ಬೆಂಡೆಗಿಡದ ಲೋಳೆ ಬಿಟ್ರೆ
ಕಬ್ಬಿನಾಲಿನ ಕೊಳೆಯೆಲ್ಲ ನೊರೆ ಹತ್ಕಂಡು ಮ್ಯಾಕ್ ಬತ್ತದೆ,
ಜಾಲ್ರೀಲಿ ಎತ್ ಬಿಸಾಕದು.
ಅವಸ್ರ ಮಾಡುದ್ರೆ ಹಾಲೂ ಹೋಯ್ತದೆ,
ತಡ ಮಾಡುದ್ರೆ ಮಡ್ಡಿ ಒಳಿಕ್ಕೇ ಇಳೀತದೆ.
ನಿನ್ ನೊರೆ ಸಡ್ಲ. ನೀರ್ ಒಸಿ ಇಳ್ಸು."

ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ.
ಬೆಳಿಗ್ಗೆ ಬಟ್ಟಲಲ್ಲಿ ಕಡುಹಸಿರು ಮಡ್ಡಿ,
ಮುಚ್ಚಳ ತೆಗೆದರೆ ಮಂಗಳೂರಿನ ದಕ್ಕೆಯೇ ಮನೆಯೊಳಕ್ಕೆ ಬಂತು.
ಅವರು ಮೂಸಿ, ಬಲು ತೃಪ್ತಿಯಿಂದ, ತಲೆಯಾಡಿಸಿದರು.

ಆದರೂ ಮೂವತ್ತರ ಕೆಳಗೆ ಇಳಿಯಲೊಲ್ಲದು.
ಮೀನಿಗೆ ಒಪ್ಪತ್ತು ಮಾಡಿದೆ,
ವಾರಕ್ಕೆ ಇಪ್ಪತ್ತೈದು ಲೀಟರು ಹೊರಗೆ, ಇಪ್ಪತ್ತೈದು ಒಳಗೆ.
ಕೊನೆಗೆ ಸಮೀಉಲ್ಲಾ ಫೋನಿನಲ್ಲಿ ದನಿ ತಗ್ಗಿಸಿ
ಕಳ್ಳಭಟ್ಟಿಯ ಗುಟ್ಟಿನಂತೆ ಹೇಳಿದ: ಸಕ್ಕರೆ.
ಕಣ್ಣಿಗೆ ಕಾಣದ ಜೀವಗಳು ಸಕ್ಕರೆ ಉಂಡು
ನೈಟ್ರೇಟು ನಂಜಿಕೊಳ್ಳುತ್ತವಂತೆ,
ಹೆಚ್ಚಿ, ನೊರೆಗೆ ಸಿಕ್ಕಿ, ಬಟ್ಟಲು ಸೇರುತ್ತವಂತೆ.
ಚಿಟಿಕೆ ಮೀರಿದರೆ ನೀರು ಮಜ್ಜಿಗೆ, ಮೀನಿಗೆ ಉಸಿರಿಲ್ಲ.
"ಬೆಲ್ಲ ಹಾಕವ್ವ" ಎಂದರು ಮರಿಚೆನ್ನಯ್ಯ.
ಬೇಡ ಎಂದೆ. ಎರಡು ದಿನ ಬರಲಿಲ್ಲ.

ಮಂಡ್ಯದಲ್ಲಿ ಕೂತು ಕಡಲಿಗೆ ಸಕ್ಕರೆ ಹಾಕುವವಳು
ನಾನೊಬ್ಬಳೇ ಇರಬೇಕು.
ಪುಸ್ತಕದಲ್ಲಿ ಒಂದರ ಕೆಳಗೊಂದು:
ಮೂವತ್ತು, ಇಪ್ಪತ್ತೆರಡು, ಹನ್ನೆರಡು.
ಮೂರನೆಯ ದಿನ ಬಂದವರು ಕನ್ನಡಕ ಏರಿಸಿ ಓದಿ
"ಸುಗರ್ ಇಷ್ಟ್ ಕಮ್ಮಿಯಾ? ನಂದು ಇನ್ನೂರೆಂಬತ್ತು" ಎಂದರು.
ನಾನು ತಿದ್ದಲಿಲ್ಲ.

ಇವತ್ತು ಏಳು.
ಸೊನ್ನೆ ಬೇಡ, ಸೊನ್ನೆಗೆ ಹವಳ ಬಿಳಚಿಕೊಳ್ಳುತ್ತದೆ,
ಒಸಿ ಕೊಳೆ ಅದಕ್ಕೂ ಅನ್ನ.
ನೀಲಿ ದೀಪದಡಿ ಒಂದು ಕೈ ಹೊರಬಂತು,
ಆಮೇಲೆ ಇನ್ನೊಂದು. ಅಲುಗಿಸದೆ ಕಾದೆ.
ಮೇಜಿನ ಮೇಲೆ ಅವರು ಬಿಟ್ಟುಹೋದ ಸಪ್ಪೆ ಕಾಫಿಯ ಲೋಟ,
ಸಾಸರಿನ ಅಂಚಿನಲ್ಲಿ
ಬೆರಳಿಂದ ಎತ್ತಿ ಬದಿಗಿಟ್ಟ ಕೆನೆ.